ಅಕ್ಷರ ಅಳಿದಿಲ್ಲ, ಫಾಂಟ್ ಕಾಣೆಯಾಗಿದೆ

ಕಳೆದ ಮಳೆಗಾಲದ ಒಂದು ಸಂಜೆ ಮಗ್‌ರಿಬ್ ನಮಾಝ್ ಮುಗಿಸಿ ಎದ್ದಿದ್ದೆನಷ್ಟೆ. ನಮ್ಮ ಓಣಿಯ ಹುಡುಗನೊಬ್ಬ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಎರಡು ತಿಂಗಳ ಹಿಂದೆಯಷ್ಟೇ ಅವನ ತಂದೆ ತೀರಿಕೊಂಡಿದ್ದರು. "ಟೀಚರ್, ಅಬ್ಬಾ ಬರದಿಟ್ಟ ಲೆಕ್ಕ ಎಲ್ಲಾ ಹಾಳಾಗೇತ್ರಿ" ಎಂದವನ ಕಣ್ಣು ತುಂಬಿತ್ತು.

ಆ ಮನುಷ್ಯ ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟು. ಯಾರಿಂದ ಎಷ್ಟು ಕೈಗಡ ತಂದಿದ್ದೇನೆ, ಯಾರಿಗೆ ಎಷ್ಟು ಕೊಟ್ಟಿದ್ದೇನೆ ಎಂಬುದನ್ನೆಲ್ಲ ಮನೆಯ ಹಳೆಯ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಟೈಪ್ ಮಾಡಿಟ್ಟುಕೊಂಡಿದ್ದರು. ಆ ಕಂಪ್ಯೂಟರ್ ಕೆಟ್ಟಿತು. ಮಗ ಹೇಗೋ ಕಡತವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಒಂದೇ ಒಂದು ಕನ್ನಡ ಅಕ್ಷರ ಕಾಣಲಿಲ್ಲ. ಪೇಟೆಯ ಅಂಗಡಿಯೊಂದಕ್ಕೆ ಒಯ್ದು ತೋರಿಸಿದ್ದಾನೆ. ಅವರು ನೋಡಿ, "ವೈರಸ್ ಹೊಡದೈತಿ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಬೇಕು" ಎಂದಿದ್ದಾರೆ. ಅಲ್ಲಾಹನ ದಯೆ, ಹುಡುಗ ಮಾಡಿಸಿರಲಿಲ್ಲ.

ಅವನ ತಾಯಿ ಆಗ ಇದ್ದತ್‌ನಲ್ಲಿದ್ದರು, ಹೊರಗೆ ಬರುವಂತಿರಲಿಲ್ಲ. ಆದ್ದರಿಂದ ಕೊಡೆ ಹಿಡಿದು ನಾನೇ ಅವರ ಮನೆಗೆ ಹೋದೆ. ಆಪಾ ಒಳಕೋಣೆಯಲ್ಲಿ ಕುಳಿತಿದ್ದರು. ಆಸ್ತಿ ಹಂಚುವ ಮೊದಲು ಮೃತರ ಸಾಲ ತೀರಬೇಕೆಂಬುದು ನಮಗೆಲ್ಲ ಗೊತ್ತಿರುವ ವಿಷಯ. ಅವರ ಚಿಂತೆಯೂ ಅದೇ. "ತಗೊಳ್ಳೂದು ಬಿಡ್ರಿ. ಕೊಡೂದು ಎಷ್ಟೈತಿ, ಯಾರಿಗೈತಿ, ಅದಷ್ಟು ಗೊತ್ತಾಗಬೇಕು ನನಗ" ಎಂದರು.

ಪರದೆಯ ಮೇಲೆ ಹನ್ನೊಂದು ಸಾಲುಗಳಿದ್ದವು. ವಿಚಿತ್ರವೆಂದರೆ ಹಣದ ಮೊತ್ತಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. 5,000, 2,500, 12,000. ಆದರೆ ಅದರ ಹಿಂದೆ ಮುಂದೆ ಇರಬೇಕಾದ ಹೆಸರುಗಳ ಜಾಗದಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳ ಕಸ. ಮೊತ್ತವಿದೆ, ಮನುಷ್ಯನಿಲ್ಲ. ಕೊಡಬೇಕಾದದ್ದೋ ಬರಬೇಕಾದದ್ದೋ ಅದೂ ತಿಳಿಯದು.

ಸಹೋದರಿಯರೇ, ಇಂಥ ಕಸವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಹಳೆಯ ಸಿಡಿಯಲ್ಲಿಟ್ಟ ಮದುವೆ ಆಮಂತ್ರಣ, ಅಣ್ಣ ಬರೆದ ಲೇಖನ, ಮಹಿಳಾ ಸಂಘದ ನಡಾವಳಿ ಹೀಗೆ ಯಾವುದನ್ನೋ ತೆರೆದಾಗ ಕಂಡು, ಹಾಳಾಯಿತೆಂದು ಅಳಿಸಿಯೂ ಇರಬಹುದು. ನನ್ನದು ಮದ್ರಸಾ ಶಿಕ್ಷಣ, ಆಮೇಲೆ ಬಿ.ಎ. ಮಾಡಿಕೊಂಡವಳು. ಕಂಪ್ಯೂಟರನ್ನು ನನಗೆ ಯಾರೂ ಕೂಡಿಸಿ ಕಲಿಸಿದವರಿಲ್ಲ. ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಕನ್ನಡ, ಉರ್ದು ಎರಡರಲ್ಲೂ ಟೈಪ್ ಮಾಡಬೇಕಾದ ಅನಿವಾರ್ಯತೆಯೇ ಕಲಿಸಿತು. ಆ ಅನುಭವದಿಂದ ಹೇಳುತ್ತೇನೆ: ಇಂಥ ಹತ್ತು ಕಡತಗಳಲ್ಲಿ ಒಂಬತ್ತು ಹಾಳಾಗಿರುವುದಿಲ್ಲ. ಅಕ್ಷರ ಅಲ್ಲಿಯೇ ಇರುತ್ತದೆ. ಅದನ್ನು ತೋರಿಸುವ ಫಾಂಟ್ ಆ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಅಷ್ಟೇ.

ಕಲ್ಲಿನ ಅಕ್ಷರ, ಕಂಪ್ಯೂಟರಿನ ಅಕ್ಷರ

ನಮ್ಮ ಆಡೂರಿನಲ್ಲಿ ಬಾದಾಮಿ ಚಾಲುಕ್ಯರ ಕಾಲದ ಶಾಸನ ಸಿಕ್ಕಿದೆ. ಸಾವಿರದಿನ್ನೂರು ವರ್ಷಕ್ಕೂ ಹಳೆಯದು. ಆ ಲಿಪಿ ಕಲಿತವರು ಇಂದಿಗೂ ಅದನ್ನು ಓದಬಲ್ಲರು. ಏಕೆಂದರೆ ಕಲ್ಲಿನಲ್ಲಿ ಅಕ್ಷರವೂ ಅದರ ಆಕಾರವೂ ಒಂದೇ. ಕಂಪ್ಯೂಟರಿನಲ್ಲಿ ಹಾಗಲ್ಲ. ಅದು ಒಳಗೆ ಇಟ್ಟುಕೊಳ್ಳುವುದು ಅಕ್ಷರದ ಅಂಕಿಯನ್ನು ಮಾತ್ರ. ಆ ಅಂಕಿಗೆ ಯಾವ ಆಕಾರ ತೋರಿಸಬೇಕೆಂಬುದು ಫಾಂಟ್ ಎಂಬ ಬೇರೆಯೇ ಕಡತದಲ್ಲಿರುತ್ತದೆ. ರೇಷನ್ ಅಂಗಡಿಯಲ್ಲಿ ಕಾರ್ಡಿನ ನಂಬರ್ ಇದ್ದು ಅದರ ಹೆಸರಿನ ರಿಜಿಸ್ಟರ್ ಕಳೆದುಹೋದರೆ ಏನಾಗುತ್ತದೋ ಅದೇ ಇಲ್ಲಿ ಆಗುವುದು.

ಇಂಗ್ಲಿಷಿಗೆ ಈ ತಾಪತ್ರಯ ಅಷ್ಟಿಲ್ಲ. ಕನ್ನಡದ ಕಥೆ ಬೇರೆ. ಹಿಂದಿನ ಫಾಂಟ್‌ಗಳಲ್ಲಿ ಒಟ್ಟು ಇದ್ದದ್ದೇ 256 ಖಾನೆಗಳು. ಅವುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳಿಗಾಗಿ ಮಾಡಿದ್ದರು. ನಮ್ಮವರು ಕನ್ನಡವನ್ನು ಅದೇ ಖಾನೆಗಳಲ್ಲಿ ತುಂಡು ತುಂಡಾಗಿ ತುಂಬಿದರು. ಒಂದು ಖಾನೆಗೆ ತಲೆಕಟ್ಟು, ಇನ್ನೊಂದಕ್ಕೆ ಕೊಂಬು, ಮತ್ತೊಂದಕ್ಕೆ ಒತ್ತಕ್ಷರ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ', ಡಿಟಿಪಿ ಅಂಗಡಿಗಳಲ್ಲಿ ಬಳಕೆಯಲ್ಲಿದ್ದ 'ಶ್ರೀಲಿಪಿ' ಎಲ್ಲವೂ ಈ ದಾರಿಯಲ್ಲೇ ನಡೆದವು. ಈಗ ಕೆಲವರು ಇದನ್ನು ಹೀಗಳೆಯುವುದುಂಟು. ಅದು ಸರಿಯಲ್ಲ. ಆ ಕಾಲದಲ್ಲಿ ಆ ಉಪಾಯ ಮಾಡದೇ ಹೋಗಿದ್ದರೆ ನಮ್ಮ ಹಳ್ಳಿಗಳ ಕಂಪ್ಯೂಟರುಗಳಲ್ಲಿ ಕನ್ನಡವೇ ಇರುತ್ತಿರಲಿಲ್ಲ.

ಉದಾಹರಣೆಗೆ ನುಡಿ ಫಾಂಟಿನಲ್ಲಿ 'ಕ' ಎಂದರೆ ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಹೊತ್ತ ಎ. ಪಿ ಎಂಬುದು ಕಕಾರದ ಬುಡ, ಗೆರೆ ಹೊತ್ತ ಎ ಎಂಬುದು ತಲೆಕಟ್ಟು. 'ಕಿ' ಆದರೆ ಒಂದೇ ಖಾನೆ, ಕ್ಯೂ. 'ನ' ಅಕ್ಷರಕ್ಕೆ ಬ್ರಿಟನ್ನಿನ ಪೌಂಡ್ ನಾಣ್ಯದ ಗುರುತು. ಫಾಂಟ್ ಇದ್ದರೆ ಇವೆಲ್ಲ ಕನ್ನಡವಾಗಿ ಕಾಣುತ್ತವೆ. ಇಲ್ಲದಿದ್ದರೆ ತಮ್ಮ ಮೂಲರೂಪದಲ್ಲಿ ಹೊರಬೀಳುತ್ತವೆ. ಅಂಕಿಗಳನ್ನು ಮಾತ್ರ ಅವುಗಳ ಖಾನೆಯಲ್ಲಿಯೇ ಬಿಟ್ಟಿದ್ದರಿಂದ ಆಪಾರ ಮನೆಯ ಕಡತದಲ್ಲಿ ಮೊತ್ತಗಳು ಹಾಗೆಯೇ ಉಳಿದಿದ್ದವು.

ಆ ರಾತ್ರಿ ಮಳೆಗೆ ಕರೆಂಟೂ ಇಲ್ಲ, ಮೊಬೈಲಿಗೆ ನೆಟ್‌ವರ್ಕೂ ಇಲ್ಲ. ಫಾಂಟ್ ಇಳಿಸಿಕೊಳ್ಳುವ ಮಾತೇ ಇರಲಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಇದ್ದಷ್ಟು ಹೊತ್ತು ಕಣ್ಣಿನಿಂದಲೇ ನೋಡಿದೆ. ಹನ್ನೊಂದೂ ಸಾಲುಗಳ ಕೊನೆಯ ತುಂಡು ಒಂದೇ ರೀತಿಯದು, ಅದು 'ಬೇಕು' ಇರಬೇಕು ಎಂದುಕೊಂಡೆ. ಆದರೆ ಆ ಪದದ ಮೊದಲ ಗುರುತು ಎಲ್ಲ ಸಾಲಿನಲ್ಲೂ ಒಂದೇ ಇರಲಿಲ್ಲ. ಏಳು ಸಾಲುಗಳಲ್ಲಿ ಅದು ಪಿ. ಉಳಿದ ನಾಲ್ಕರಲ್ಲಿ ಎರಡು ಎಸ್‌ಗಳನ್ನು ಒಂದರ ಮೇಲೊಂದು ಕೂಡಿಸಿದಂತಿರುವ ಗುರುತು, ಕಾನೂನಿನ ಪುಸ್ತಕಗಳಲ್ಲಿ ಕಲಮಿನ ಮುಂದೆ ಹಾಕುತ್ತಾರಲ್ಲ, ಅದು. ನುಡಿಯಲ್ಲಿ ಆ ಗುರುತೇ 'ಬ'. ಅಂದರೆ ಏಳು ಸಾಲು 'ಕೊಡಬೇಕು', ನಾಲ್ಕು ಸಾಲು 'ಬರಬೇಕು'. ಹುಡುಗ ಏಳನ್ನೂ ಕೂಡಿಸಿದ. 38,400 ರೂಪಾಯಿ. ಆಪಾ ಕೇಳಿ ಒಂದು ಗಳಿಗೆ ಸುಮ್ಮನಿದ್ದು, "ಹೆಸರು?" ಎಂದರು. ಹೆಸರಿಗೆ ಫಾಂಟೇ ಬೇಕಾಗಿತ್ತು.

ಮುಖ ನೋಡಿ ಕಾಯಿಲೆ ಗುರುತಿಸಿ

ಅಕ್ಷರ ಕಾಣದ ತೊಂದರೆಗಳೆಲ್ಲ ಒಂದೇ ಅಲ್ಲ. ಪರದೆಯ ಮೇಲೆ ಏನು ಕಾಣುತ್ತಿದೆ ಎಂಬುದನ್ನು ನೋಡಿಯೇ ಅರ್ಧ ತಿಳಿಯಬಹುದು. ಏನೇ ಮಾಡುವ ಮೊದಲು ಕಡತದ ಇನ್ನೊಂದು ಪ್ರತಿ ತೆಗೆದಿಟ್ಟುಕೊಳ್ಳಿ, ಚಿಕಿತ್ಸೆಯನ್ನು ಪ್ರತಿಯ ಮೇಲೆ ಮಾಡಿ.

ಮೇಲೆ ಹೇಳಿದಂತೆ ಇಂಗ್ಲಿಷ್ ಅಕ್ಷರಗಳ ಕಸ ಕಂಡರೆ ಅದು ನುಡಿ, ಬರಹದಂಥ ಹಳೆಯ ಫಾಂಟಿನಲ್ಲಿ ಬರೆದದ್ದು ಎಂದರ್ಥ. ವರ್ಡ್ ಕಡತವಾಗಿದ್ದರೆ ಆ ಕಸದ ನಡುವೆ ಒಮ್ಮೆ ಕ್ಲಿಕ್ ಮಾಡಿ, ಮೇಲ್ಗಡೆ ಫಾಂಟಿನ ಹೆಸರು ತೋರಿಸುವ ಚೌಕವನ್ನು ನೋಡಿ. ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಅದರ ಹೆಸರನ್ನು ವರ್ಡ್ ನೆನಪಿಟ್ಟುಕೊಂಡಿರುತ್ತದೆ. ನುಡಿ ಎಂದೋ, ಬರಹವಾದರೆ ಬಿಆರ್‌ಎಚ್ ಎಂದೋ ಅಲ್ಲಿ ಬರೆದಿರುತ್ತದೆ. ಇಷ್ಟು ತಿಳಿದರೆ ಕೆಲಸ ಮುಗಿದಂತೆ. ಆ ಫಾಂಟಿನ ಕಡತವನ್ನು ತಂದು ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಇನ್‌ಸ್ಟಾಲ್' ಎಂದು ಕೊಡಿ. ವರ್ಡ್ ಮುಚ್ಚಿ ಮತ್ತೆ ತೆರೆಯಿರಿ. ನುಡಿಯನ್ನು ಗಣಕ ಪರಿಷತ್ತು ಉಚಿತವಾಗಿಯೇ ಒದಗಿಸಿದೆ. ಶ್ರೀಲಿಪಿ ಹಣ ಕೊಟ್ಟು ಕೊಳ್ಳುವಂಥದ್ದು, ಆದ್ದರಿಂದ ಅದನ್ನು ಇಟ್ಟುಕೊಂಡಿರುವ ಡಿಟಿಪಿ ಅಂಗಡಿಯಲ್ಲಿ ಕಡತ ತೆರೆಸಿ ಪ್ರಿಂಟ್ ತೆಗೆಸುವುದೇ ಸುಲಭ.

ಇಲ್ಲಿ ಎರಡು ಎಚ್ಚರಿಕೆ ಬೇಕು. ಕಸ ಕಂಡ ಗಾಬರಿಯಲ್ಲಿ ಎಲ್ಲವನ್ನೂ ಸೆಲೆಕ್ಟ್ ಮಾಡಿ ಬೇರೆ ಫಾಂಟ್ ಕೊಟ್ಟು ಸೇವ್ ಮಾಡಿದರೆ ಹಳೆಯ ಫಾಂಟಿನ ಹೆಸರಿನ ಗುರುತೇ ಅಳಿಯುತ್ತದೆ. ಇನ್ನೊಂದು, ವರ್ಡ್ ಈ ಕಸವನ್ನು ತಪ್ಪು ಇಂಗ್ಲಿಷ್ ಎಂದು ತಿಳಿದು ತಾನೇ ತಿದ್ದಲು ಹೊರಡುತ್ತದೆ. ಅದು ಸಣ್ಣ ಅಕ್ಷರವನ್ನು ದೊಡ್ಡದು ಮಾಡಿದರೆ ಕನ್ನಡದಲ್ಲಿ ಬೇರೆಯೇ ಅಕ್ಷರ ಬಂದು ಕೂರುತ್ತದೆ. ತಿದ್ದಲು ಬಿಡಬೇಡಿ.

ಕಸದ ಬದಲು ಸಾಲಾಗಿ ಖಾಲಿ ಚೌಕಗಳು ಕಂಡರೆ ಅದು ಬೇರೆ. ಆ ಬರಹ ಯೂನಿಕೋಡ್‌ನಲ್ಲಿದೆ, ಆದರೆ ಅದಕ್ಕೆ ತಕ್ಕ ಫಾಂಟ್ ಇಲ್ಲ ಎಂದರ್ಥ. ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸ್ವಂತ ಅಂಕಿ ಕೊಡುವ ಏರ್ಪಾಡು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೂ ಅರಬ್ಬಿಗೂ ಅದರಲ್ಲಿ ಸ್ಥಾನ ಸಿಕ್ಕಿತ್ತು. ಅದರಲ್ಲಿ 'ಕ' ಎಂದರೆ ಯಾವ ದೇಶದಲ್ಲಿಯೂ 3221, ಅಲಿಫ್ ಎಂದರೆ 1575. ಬೇರೆ ಯಾವ ಅಕ್ಷರದ ಮನೆಯಲ್ಲೂ ಬಾಡಿಗೆಗೆ ಇರಬೇಕಾಗಿಲ್ಲ. ಈ ಖಾಲಿ ಚೌಕಗಳಿಗೆ ಕಂಪ್ಯೂಟರಿನವರು ತೋಫು ಎಂದು ಹೆಸರಿಟ್ಟಿದ್ದಾರೆ. ತೋಫು ಎಂದರೆ ಸೋಯಾದಿಂದ ಮಾಡಿದ, ಪನೀರಿನ ಹಾಗೆ ಚೌಕವಾಗಿ ಕತ್ತರಿಸುವ ತಿನಿಸು. 'ಇನ್ನು ತೋಫು ಬೇಡ' ಎಂಬ ಅರ್ಥದಲ್ಲಿಯೇ ಗೂಗಲ್ ತನ್ನ ಉಚಿತ ಫಾಂಟ್‌ಗಳ ಕುಟುಂಬಕ್ಕೆ 'ನೋಟೋ' ಎಂದು ಹೆಸರಿಟ್ಟಿತು. ನೋಟೋ ಸಾನ್ಸ್ ಕನ್ನಡ, ನೋಟೋ ನಸ್ತಾಲೀಕ್ ಉರ್ದು ಎರಡೂ ಅದರಲ್ಲಿವೆ. ಒಮ್ಮೆ ಹಾಕಿಕೊಂಡರೆ ಚೌಕಗಳ ಕಾಟ ತಪ್ಪುತ್ತದೆ.

ಹಳಬರಿಗೆ ವಿಂಡೋಸ್ ಎಕ್ಸ್‌ಪಿ ನೆನಪಿರಬಹುದು. 2001ರಲ್ಲಿ ಬಂದ ಅದರಲ್ಲಿ ಯೂನಿಕೋಡ್ ಕನ್ನಡಕ್ಕಾಗಿ 'ತುಂಗಾ' ಎಂಬ ಫಾಂಟ್ ಕೊಟ್ಟಿದ್ದರು. ಆದರೆ ಅದು ತಾನಾಗಿ ಕೆಲಸ ಮಾಡುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲಿನ ಭಾಷೆಗಳ ಪುಟದಲ್ಲಿ ಒಂದು ಸಣ್ಣ ಚೌಕಕ್ಕೆ ಟಿಕ್ ಹಾಕಿ, ಎಕ್ಸ್‌ಪಿ ಸಿಡಿ ತುರುಕಿ, ಕಂಪ್ಯೂಟರ್ ಮತ್ತೆ ಚಾಲೂ ಮಾಡಬೇಕಿತ್ತು. ಬಲದಿಂದ ಎಡಕ್ಕೆ ಬರೆಯುವ ಉರ್ದು-ಅರಬ್ಬಿಗೂ, ಒತ್ತಕ್ಷರಗಳ ಕನ್ನಡಕ್ಕೂ ಬೇಕಾಗಿದ್ದದ್ದು ಅದೇ ಒಂದು ಟಿಕ್. ಒಂದೇ ಮನೆಯಲ್ಲಿ ಎರಡೂ ಭಾಷೆ ಓದುವ ನಮ್ಮಂಥವರಿಗೆ ಒಂದೇ ಬೀಗದ ಕೈ ಇಟ್ಟ ಹಾಗಿತ್ತು.

ವಿಂಡೋಸ್ 8ರಿಂದ ಕನ್ನಡಕ್ಕೆ 'ನಿರ್ಮಲಾ' ಎಂಬ ಫಾಂಟ್ ತಾನಾಗಿ ಬರುತ್ತದೆ. ಆದರೆ ವಿಂಡೋಸ್ 10 ಮತ್ತು 11ರಲ್ಲಿ ತುಂಗಾವನ್ನು ಎಲ್ಲರಿಗೂ ಕೊಡುವುದನ್ನು ಬಿಟ್ಟು, ಬೇಕಾದವರು ಹಾಕಿಕೊಳ್ಳಲಿ ಎಂದು ಬದಿಗಿಟ್ಟಿದ್ದಾರೆ. ಉರ್ದುವಿನ 'ಉರ್ದು ಟೈಪ್‌ಸೆಟ್ಟಿಂಗ್' ಫಾಂಟ್ ಕೂಡ ಹೀಗೆಯೇ. ಹೊಸ ಲ್ಯಾಪ್‌ಟಾಪಿನಲ್ಲಿ ಹಳೆಯ ಕಡತದ ಸಾಲುಗಳು ಸರಿದಾಡಿ ಪುಟ ಕೆಟ್ಟರೆ ಇದೇ ಕಾರಣವಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ಎಂಬಲ್ಲಿ 'ಆಪ್ಷನಲ್ ಫೀಚರ್ಸ್' ಹುಡುಕಿ (11ರ ಹೊಸ ಆವೃತ್ತಿಗಳಲ್ಲಿ ಇದು ಸಿಸ್ಟಮ್ ಎಂಬಲ್ಲಿದೆ). ಅಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್', 'ಅರೇಬಿಕ್ ಸ್ಕ್ರಿಪ್ಟ್ ಸಪ್ಲಿಮೆಂಟಲ್ ಫಾಂಟ್ಸ್' ಎಂದಿರುವುದನ್ನು ಸೇರಿಸಿಕೊಳ್ಳಿ. ಇಂಟರ್ನೆಟ್ ಬೇಕು, ಹಣ ಬೇಡ.

ಕನ್ನಡ, ಉರ್ದು ಮಾತ್ರವಲ್ಲ, ಮೆನುಗಳ ಇಂಗ್ಲಿಷೂ ಸೇರಿ ಎಲ್ಲವೂ ಕೆಟ್ಟಿದ್ದರೆ ಯಾರೋ ಫಾಂಟ್ಸ್ ಫೋಲ್ಡರಿನಲ್ಲಿ ಕೈಯಾಡಿಸಿರುತ್ತಾರೆ. ಜಾಗ ಖಾಲಿ ಮಾಡುತ್ತೇನೆಂದು ಮಕ್ಕಳು ಅಳಿಸುವುದುಂಟು. ಮೊದಲು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಸರಿಹೋಗದಿದ್ದರೆ ವಿಂಡೋಸ್ ತನ್ನ ಸ್ವಂತ ಕಡತಗಳನ್ನು ತಾನೇ ಪರೀಕ್ಷಿಸಿ ತುಂಬಿಕೊಳ್ಳುವ 'ಸಿಸ್ಟಮ್ ಫೈಲ್ ಚೆಕರ್' ಎಂಬ ವ್ಯವಸ್ಥೆ ಇದೆ, ತಿಳಿದವರ ಕೈಯಲ್ಲಿ ಅದನ್ನು ಓಡಿಸಿ. ಪೂರ್ತಿ ಫಾರ್ಮ್ಯಾಟ್ ಮಾಡುವ ಮಾತು ಕೊನೆಗೆ.

ಇನ್ನು ನಿಜವಾಗಿ ಹೆದರಬೇಕಾದದ್ದು ಒಂದಿದೆ. ಅಕ್ಷರಗಳ ಜಾಗದಲ್ಲೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಈ ತಪ್ಪನ್ನು ಸ್ವತಃ ನಾನೇ ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ನನ್ನ ತರಗತಿಯ ಮಕ್ಕಳ ಹೆಸರು, ತಾಯಂದಿರ ಹೆಸರುಗಳನ್ನು ನೋಟ್‌ಪ್ಯಾಡಿನಲ್ಲಿ ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿದ್ದೆ. ಸೇವ್ ಮಾಡುವಾಗ ಕಂಪ್ಯೂಟರ್ ಏನೋ ಎಚ್ಚರಿಕೆ ತೋರಿಸಿತು. ಓದದೆ 'ಓಕೆ' ಒತ್ತಿದೆ. ಮರುದಿನ ತೆರೆದರೆ ಉದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆ. ಕನ್ನಡಕ್ಕೆ ಜಾಗವೇ ಇಲ್ಲದ ಹಳೆಯ ಪದ್ಧತಿಯಲ್ಲಿ ಅದನ್ನು ಸೇವ್ ಮಾಡಿಬಿಟ್ಟಿದ್ದೆ. ಆಗ ಕಂಪ್ಯೂಟರ್ ಪ್ರತಿ ಅಕ್ಷರದ ಅಂಕಿಯನ್ನೇ ಎಸೆದು ಪ್ರಶ್ನಾರ್ಥಕದ ಅಂಕಿಯನ್ನು ಇಡುತ್ತದೆ. ಯಾವ ಫಾಂಟ್ ತಂದರೂ ಅದು ಹಿಂದಿರುಗದು. ಮನೆಮನೆಗೆ ಹೋಗಿ ಹೆಸರು ಕೇಳಿ ಬಂದೆ. 2019ರ ಬಳಿಕದ ನೋಟ್‌ಪ್ಯಾಡ್ ತಾನಾಗಿ ಯುಟಿಎಫ್-8 ಎಂಬ ಸರಿಯಾದ ಪದ್ಧತಿಯನ್ನೇ ಬಳಸುತ್ತದೆ. ಎಕ್ಸೆಲ್‌ನಿಂದ ಸಿಎಸ್‌ವಿ ಮಾಡುವವರು ಮಾತ್ರ ಈಗಲೂ ಯುಟಿಎಫ್-8 ಎಂದಿರುವುದನ್ನೇ ಆರಿಸಬೇಕು.

ಉರ್ದು ಮತ್ತು ಅರಬ್ಬಿಯ ಮಾತು

ಒಮ್ಮೆ ಶಾಲೆಯ ಕಾರ್ಯಕ್ರಮಕ್ಕೆ ಉರ್ದುವಿನಲ್ಲಿ ಕರೆಯೋಲೆ ಮಾಡಿದ್ದೆ. ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿ, "ಇದು ಉರ್ದು ಎಲ್ಲಿದೆಯಮ್ಮ, ಅರಬ್ಬಿಯಲ್ಲವೇ?" ಎಂದರು. ಅಕ್ಷರಗಳೆಲ್ಲ ಸರಿಯಾಗಿಯೇ ಇದ್ದವು. ಫಾಂಟ್ ಮಾತ್ರ ನಸ್ಖ್ ಶೈಲಿಯದು. ಉರ್ದು ಓದುಗರ ಕಣ್ಣು ಪಳಗಿರುವುದು ಮೇಲಿನಿಂದ ಕೆಳಗೆ ಓರೆಯಾಗಿ ಇಳಿಯುವ ನಸ್ತಾಲೀಕ್‌ಗೆ.

ಈ ನಸ್ತಾಲೀಕ್ ಯಂತ್ರಕ್ಕೆ ಒಗ್ಗಿದ್ದು ಬಹಳ ತಡವಾಗಿ. ಉರ್ದು ಪತ್ರಿಕೆಗಳನ್ನು ಕಾತಿಬರು ಕೈಯಿಂದ ಬರೆದೇ ಅಚ್ಚಿಗೆ ಕೊಡುತ್ತಿದ್ದರು. 1927ರಲ್ಲಿ ಆರಂಭವಾದ ಚೆನ್ನೈನ 'ದಿ ಮುಸಲ್ಮಾನ್' ಕಂಪ್ಯೂಟರ್ ಬಂದ ಮೇಲೂ ಕೈಬರಹದಲ್ಲಿಯೇ ಹೊರಬಂದ ಪತ್ರಿಕೆ. ಪಾಕಿಸ್ತಾನದ ಮಿರ್ಝಾ ಅಹ್ಮದ್ ಜಮೀಲ್ ಎಂಬ ಸುಂದರ ಬರಹಗಾರರು ಅಕ್ಷರಗಳು ಕೂಡಿ ಆಗುವ ಸುಮಾರು 20,000 ಗುಚ್ಛಗಳನ್ನು ಕೈಯಿಂದ ಬರೆದುಕೊಟ್ಟ ಮೇಲೆ 'ನೂರಿ ನಸ್ತಾಲೀಕ್' ತಯಾರಾಯಿತು. ನೂರಿ ಎಂಬುದು ಅವರ ತಂದೆಯ ಹೆಸರಿನಿಂದ ಬಂದದ್ದು. 1981ರಲ್ಲಿ ಲಾಹೋರಿನ 'ಜಂಗ್' ದೈನಿಕ ಅದನ್ನು ಬಳಸಿತು. ನಮ್ಮ ಡಿಟಿಪಿ ಅಂಗಡಿಗಳಲ್ಲಿರುವ ಇನ್‌ಪೇಜ್ ಬಂದದ್ದು ಅದಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲದ ಮೇಲೆ, 1990ರ ದಶಕದಲ್ಲಿ. ಹಳೆಯ ಇನ್‌ಪೇಜ್ ಕಡತಗಳನ್ನು ಇನ್‌ಪೇಜ್‌ನಲ್ಲಿಯೇ ತೆರೆಯಬೇಕು. ವರ್ಡ್‌ನಲ್ಲಿ ತೆರೆದು ಕೆಟ್ಟಿದೆ ಎನ್ನಬೇಡಿ.

ಉರ್ದುವಿನಲ್ಲಿ ಕೆಲವೇ ಅಕ್ಷರಗಳು ಮಾತ್ರ ಚೌಕವಾಗಿಯೋ ಬೇರೆ ದಪ್ಪದಲ್ಲಿಯೋ ಕಂಡರೆ ಅರಬ್ಬಿಗೆಂದೇ ಮಾಡಿದ ಫಾಂಟ್ ಬಳಸಿದ್ದೀರಿ ಎಂದು ತಿಳಿಯಿರಿ. ಟೇ, ಡಾಲ್, ನೂನ್ ಗುನ್ನಾ, ಬಡೀ ಯೇ ಇವು ಅರಬ್ಬಿಯಲ್ಲಿ ಇಲ್ಲವಲ್ಲ, ಆ ಫಾಂಟಿನಲ್ಲಿಯೂ ಎಷ್ಟೋ ಸಲ ಇರುವುದಿಲ್ಲ. ಉರ್ದುವಿನ ಕಾಫ್, ಯೇ ಅಕ್ಷರಗಳಿಗೂ ಅರಬ್ಬಿಯವಕ್ಕೂ ಯೂನಿಕೋಡ್‌ನಲ್ಲಿ ಬೇರೆ ಬೇರೆ ಅಂಕಿಗಳಿವೆ. ಅರಬ್ಬಿ ಕೀಲಿಮಣೆಯಲ್ಲಿ ಉರ್ದು ಟೈಪ್ ಮಾಡಿದರೆ ಕಣ್ಣಿಗೆ ಸರಿ ಕಂಡರೂ ಹುಡುಕಿದಾಗ ಪದ ಸಿಗದು.

ಕುರ್‌ಆನ್ ವಚನಗಳ ವಿಷಯದಲ್ಲಿ ಮಾತ್ರ ಇನ್ನೂ ಹೆಚ್ಚು ಜಾಗ್ರತೆ ಬೇಕು. ಮದೀನಾದ ಕಿಂಗ್ ಫಹದ್ ಮುದ್ರಣ ಸಂಸ್ಥೆ ಮುಸ್‌ಹಫ್‌ನ 604 ಪುಟಗಳಿಗೆ ಪುಟಕ್ಕೊಂದರಂತೆ ಫಾಂಟ್‌ಗಳನ್ನು ಮಾಡಿದೆ. ಅವುಗಳಲ್ಲಿ ಒಂದೊಂದು ಗುರುತು ಒಂದಿಡೀ ಪದವನ್ನು ತೋರಿಸುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದರೆ, ಅಥವಾ ತಪ್ಪು ಪುಟದ ಫಾಂಟ್ ಬಿದ್ದರೆ, ವಚನದ ಜಾಗದಲ್ಲಿ ಬೇರೇನೋ ಅಚ್ಚಾಗುತ್ತದೆ. ಅಂಗಡಿಯವರಿಗೆ ಅರಬ್ಬಿ ಬಾರದಿದ್ದರೆ ಅವರಿಗದು ತಿಳಿಯುವುದೂ ಇಲ್ಲ. ಆದ್ದರಿಂದ ಕ್ಯಾಲೆಂಡರಿಗೋ ಆಮಂತ್ರಣಕ್ಕೋ ವಚನ ಕೊಡುವವರು ವರ್ಡ್ ಕಡತ ಕೊಡದೆ ಪಿಡಿಎಫ್ ಅಥವಾ ಚಿತ್ರವಾಗಿ ಕೊಡಿ. ಅಚ್ಚಾಗುವ ಮೊದಲು ಮುಸ್‌ಹಫ್ ಪಕ್ಕದಲ್ಲಿಟ್ಟುಕೊಂಡು ನೋಡಿ.

ಹೆಸರಿನ ಗಂಟು

ಆಪಾರ ಮನೆಗೆ ಹಿಂದಿರುಗೋಣ. ಮರುದಿನ ಮಳೆ ಬಿಟ್ಟಿತು, ನೆಟ್‌ವರ್ಕ್ ಬಂತು. ವರ್ಡ್ ತೆರೆದು ಕಸದ ನಡುವೆ ಕ್ಲಿಕ್ ಮಾಡಿದರೆ ಮೇಲಿನ ಚೌಕದಲ್ಲಿ 'ನುಡಿ 01 ಇ' ಎಂದಿತ್ತು. ಹುಡುಗನೇ ನುಡಿ ಇಳಿಸಿ ಇನ್‌ಸ್ಟಾಲ್ ಮಾಡಿದ. ಕಡತ ಮತ್ತೆ ತೆರೆದಾಗ ಹನ್ನೊಂದೂ ಸಾಲು ಒಮ್ಮೆಗೇ ಕನ್ನಡವಾಗಿ ನಿಂತವು. ಅವನು ಓದದೆ ಲ್ಯಾಪ್‌ಟಾಪನ್ನು ಎತ್ತಿಕೊಂಡು ತಾಯಿಯ ಕೋಣೆಗೆ ಹೋದ.

ಅಷ್ಟಕ್ಕೇ ಬಿಡುವಂತಿರಲಿಲ್ಲ. ಮುಂಬೈಯಲ್ಲಿರುವ ಹಿರಿಯ ಮಗಳ ಮೊಬೈಲಿಗೆ ಪಟ್ಟಿ ಕಳಿಸಬೇಕಿತ್ತು. ಮೊಬೈಲಿನಲ್ಲಿ ಇಂಥ ಹಳೆಯ ಫಾಂಟ್ ಇರುವುದಿಲ್ಲ, ಕಳಿಸಿದರೆ ಅಲ್ಲಿ ಮತ್ತೆ ಕಸವೇ ಕಾಣುತ್ತದೆ. ಪಿಡಿಎಫ್ ಮಾಡಿ ಕಳಿಸಿದೆವು, ಪಿಡಿಎಫ್ ತನ್ನೊಳಗೇ ಫಾಂಟನ್ನು ಕಟ್ಟಿಕೊಂಡು ಹೋಗುತ್ತದೆ. ಅದು ಓದುವುದಕ್ಕೆ ಮಾತ್ರ. ಮುಂದೆ ತಿದ್ದಬೇಕಾದರೆ ಬರಹವನ್ನೇ ಯೂನಿಕೋಡಿಗೆ ಬದಲಾಯಿಸಬೇಕು. ಅದಕ್ಕೆ ಪರಿವರ್ತಕಗಳಿವೆ, ನುಡಿ ಮತ್ತು ಬರಹಗಳಲ್ಲಿಯೂ ಇದೆ.

ಪರಿವರ್ತಕವನ್ನು ಕಣ್ಣುಮುಚ್ಚಿ ನಂಬಬಾರದು ಎಂಬುದು ಅಲ್ಲಿಯೇ ಗೊತ್ತಾಯಿತು. ಮಧ್ಯೆ ಇಂಗ್ಲಿಷಿನಲ್ಲಿ ಬರೆದಿದ್ದ ಬ್ಯಾಂಕ್ ಶಾಖೆಯ ಹೆಸರನ್ನೂ ಅದು ಹಳೆಯ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡಿತು. ಇನ್ನೊಂದು ತೊಂದರೆ ನಮ್ಮ ಹೆಸರುಗಳದ್ದು. ನಮ್ಮಲ್ಲಿ ಬಹಳಷ್ಟು ಹೆಸರು ಅರ್ಧ ಅಕ್ಷರದಲ್ಲಿ ಮುಗಿಯುತ್ತವೆ. ಅಹ್ಮದ್, ಯೂಸುಫ್, ಜೀನತ್. ಅದಕ್ಕೆ ಕನ್ನಡದ ವಿಭಕ್ತಿ ಸೇರಿತೆಂದರೆ ಯೂನಿಕೋಡ್ ಮುಂದಿನ ಅಕ್ಷರವನ್ನು ಒತ್ತಾಗಿ ಅಂಟಿಸುತ್ತದೆ. 'ಅಹ್ಮದ್‌ರಿಗೆ' ಎಂಬುದು 'ಅಹ್ಮದ್ರಿಗೆ' ಆಗುತ್ತದೆ. ಎರಡನ್ನೂ ಬಿಡಿಸಿ ನಿಲ್ಲಿಸಲು ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಇದೆ. ವರ್ಡ್‌ನಲ್ಲಿ ಅರ್ಧ ಅಕ್ಷರದ ಮುಂದೆ 200 ಎಂದು, ಅದಕ್ಕೆ ಅಂಟಿಸಿ ಇಂಗ್ಲಿಷಿನ ಸಿ ಅಕ್ಷರ ಟೈಪ್ ಮಾಡಿ, ಆಲ್ಟ್ ಕೀಲಿ ಹಿಡಿದು ಎಕ್ಸ್ ಒತ್ತಿದರೆ ಆ ಗುರುತು ಬಂದು ಕೂರುತ್ತದೆ. ಫ, ಜ ಅಕ್ಷರಗಳ ಕೆಳಗೆ ಹಾಕುವ ಚುಕ್ಕೆಗೂ ಯೂನಿಕೋಡ್‌ನಲ್ಲಿ ಜಾಗವಿದೆ. 2003ರಲ್ಲಿ ಸೇರಿಸಿದರು. ಹಳೆಯ ಕಂಪ್ಯೂಟರುಗಳಲ್ಲಿ ಆ ಚುಕ್ಕೆ ಅಕ್ಷರದ ಕೆಳಗೆ ಕೂರದೆ ಚುಕ್ಕೆಗಳ ಉಂಗುರವೊಂದನ್ನು ತೋರಿಸುವುದುಂಟು. ಅಂಥಲ್ಲಿ ಚುಕ್ಕೆ ಬಿಟ್ಟೇ ಬರೆಯುವುದು ಮೇಲು ಎಂದು ನನ್ನ ಅಭಿಪ್ರಾಯ.

ಮದುವೆ ಕಾರ್ಡ್ ಮಾಡಿಸುವವರು ಇದನ್ನು ನೆನಪಿಡಿ. ನೀವು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು ಯೂನಿಕೋಡ್. ಅಂಗಡಿಯವರು ಪೇಜ್‌ಮೇಕರ್ ಬಳಸುತ್ತಿದ್ದರೆ ಅದಕ್ಕೆ ಯೂನಿಕೋಡ್ ತಿಳಿಯದು, ಅವರು ನುಡಿಯಲ್ಲಿ ಹೊಸದಾಗಿ ಟೈಪ್ ಮಾಡಿಕೊಳ್ಳುತ್ತಾರೆ ಅಥವಾ ಪರಿವರ್ತಿಸಿಕೊಳ್ಳುತ್ತಾರೆ. ವಧುವಿನ ಹೆಸರು ತಪ್ಪುವುದು ಅಲ್ಲಿಯೇ. ಪ್ರೂಫ್ ತರಿಸಿ, ಹೆಸರುಗಳನ್ನು ಅಕ್ಷರ ಅಕ್ಷರ ಬಿಡಿಸಿ ಓದಿ.

ಆಪಾ ಏಳೂ ಹೆಸರುಗಳನ್ನು ಎರಡೆರಡು ಸಲ ಓದಿಸಿಕೊಂಡರು. ಮೂವರು ಊರಿನವರೇ, ಇಬ್ಬರು ಹಾನಗಲ್ಲಿನವರು, ಒಬ್ಬರು ಶಿಗ್ಗಾವಿಯವರು. ಏಳನೆಯ ಹೆಸರು ಸವಣೂರಿನ ಒಬ್ಬ ದರ್ಜಿಯದು, ಬಾಕಿ 400 ರೂಪಾಯಿ. ಹುಡುಗ ಹುಡುಕಿಕೊಂಡು ಹೋದಾಗ ಆ ದರ್ಜಿಗೆ ಈ ಬಾಕಿಯ ನೆನಪೇ ಇರಲಿಲ್ಲವಂತೆ. ತಾಯಿ ಹೇಳಿ ಕಳಿಸಿದ್ದಾರೆಂದು ಅವನು ಕೊಟ್ಟೇ ಬಂದ.

ಈಗ ಆ ಪಟ್ಟಿ ಯೂನಿಕೋಡ್‌ನಲ್ಲಿ ಒಂದು, ಪಿಡಿಎಫ್‌ನಲ್ಲಿ ಒಂದು, ಮೂಲ ನುಡಿ ಕಡತ ಇದ್ದ ಹಾಗೆಯೇ ಒಂದು, ಹೀಗೆ ಮೂರು ಪ್ರತಿಯಲ್ಲಿದೆ. ಪೆನ್‌ಡ್ರೈವಿನಲ್ಲಿ ಕಡತದ ಪಕ್ಕದಲ್ಲಿಯೇ ನುಡಿ ಫಾಂಟನ್ನೂ ಹಾಕಿಟ್ಟಿದ್ದೇನೆ. ಆಪಾ ಇದ್ಯಾವುದನ್ನೂ ಪೂರ್ತಿ ನಂಬಿದಂತಿಲ್ಲ. ಮಗನನ್ನು ಎದುರಿಗೆ ಕೂಡಿಸಿಕೊಂಡು ಎರಡು ಗೆರೆಯ ನೋಟ್‌ಬುಕ್ಕಿನಲ್ಲಿ ಹನ್ನೊಂದೂ ಸಾಲುಗಳನ್ನು ಕೈಯಿಂದ ಬರೆಸಿದರು. ಕೊಟ್ಟು ಮುಗಿಸಿದ ಹೆಸರಿನ ಮುಂದೆ ಟಿಕ್ ಹಾಕುವುದನ್ನು ಮಾತ್ರ ಅವನಿಗೆ ಬಿಡಲಿಲ್ಲ, ಪೆನ್ನು ತಾವೇ ತೆಗೆದುಕೊಂಡರು.